ಕರೆಂಟ್ ದರದ ಕರಡು ಬರೆಯುವ ಜಡ್ಜ್ ಮುಂದೆ ನಾವೂ ಮಾತಾಡೋಣ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದಲ್ಲಿ ಕರೆಂಟ್ ಬಿಲ್ ಕಟ್ಟುವ ಎಲ್ಲ ಕನ್ನಡಿಗರಿಗೆ ನಮಸ್ಕಾರ.

ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕರೆಂಟ್ ಬಿಲ್ ಬಗ್ಗೆ ಮಾತು ಬಾರದ ತಿಂಗಳಿಲ್ಲ. ಒಬ್ಬರು ಬಿಲ್ಲಿನ ಫೋಟೊ ಹಾಕುತ್ತಾರೆ. ಇನ್ನೊಬ್ಬರು ಹೋದ ವರ್ಷದ್ದನ್ನು ಹುಡುಕಿ ಹಾಕುತ್ತಾರೆ. ಯೂನಿಟ್‌ಗೆ 40 ಸೆಂಟ್ ಆಸುಪಾಸು ಕೊಡುವವರು, ಊರಿನದೇ ಸಂಸ್ಥೆ ಕರೆಂಟ್ ಕೊಡುವ ಪಕ್ಕದ ಸಾಂತಾ ಕ್ಲಾರಾದಲ್ಲಿ ಮನೆ ಮಾಡಿದವರ ಬಿಲ್ ನೋಡಿ ಬೆರಗಾಗುತ್ತಾರೆ. ಒಂದಷ್ಟು ಹೊತ್ತು ಕಂಪನಿಯನ್ನು ಬೈದು, ಆಮೇಲೆ ಮಕ್ಕಳ ಸ್ಕೂಲಿನ ವಿಷಯಕ್ಕೆ ಹೋಗುತ್ತೇವೆ. ಸಿಟ್ಟು ನ್ಯಾಯವಾದದ್ದೇ. ಆದರೆ ಅದು ತಲುಪಬೇಕಾದ ಜಾಗಕ್ಕೆ ತಲುಪುತ್ತಿಲ್ಲ. ಆ ಜಾಗ ಯಾವುದು, ಅಲ್ಲಿ ಕೂತವರು ಯಾರು ಅಂತ ಹೇಳಲಿಕ್ಕೇ ಈ ಪತ್ರ.

ಮೊದಲು 2014ರ ಒಂದು ಸಂಗತಿ ಹೇಳುತ್ತೇನೆ. ಆ ವರ್ಷ, ನಮ್ಮಲ್ಲಿ ಅನೇಕರ ಮನೆಗೆ ಕರೆಂಟ್, ಗ್ಯಾಸ್ ಕೊಡುವ ಪಿಜಿ ಆ್ಯಂಡ್ ಇ ಕಂಪನಿಯ ಕೆಲವು ಇಮೇಲ್‌ಗಳು ಬಯಲಿಗೆ ಬಂದವು. ಗ್ಯಾಸ್ ಪೈಪ್‌ಲೈನ್‌ಗಳ ದರಕ್ಕೆ ಸಂಬಂಧಿಸಿದ ದೊಡ್ಡ ಅರ್ಜಿಯೊಂದು, ಇಂಥ ಕಂಪನಿಗಳ ಕರೆಂಟ್, ಗ್ಯಾಸ್ ದರ ತೀರ್ಮಾನಿಸುವ ರಾಜ್ಯದ ಸಾರ್ವಜನಿಕ ಸೇವಾ ಆಯೋಗದ (ಪಬ್ಲಿಕ್ ಯುಟಿಲಿಟೀಸ್ ಕಮಿಷನ್) ಮುಂದಿತ್ತು. ಅದನ್ನು ಯಾವ ಜಡ್ಜ್ ಕೇಳಬೇಕು, ಯಾರು ಕೇಳಬಾರದು ಅಂತ ಕಂಪನಿಯ ದೊಡ್ಡ ಅಧಿಕಾರಿಗಳು ಆಯೋಗದ ಒಳಗಿನವರ ಜೊತೆ ಗುಟ್ಟಾಗಿ ಮಾತಾಡಿಕೊಂಡಿದ್ದರು. ಇದು ಹೊರಬಿದ್ದಾಗ ಕಂಪನಿ ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆಯಿತು. ಆಯೋಗ 10.5 ಲಕ್ಷ ಡಾಲರ್ ದಂಡ ಹಾಕಿತು. ಆಯೋಗದ ಅಧ್ಯಕ್ಷ ಮೈಕೆಲ್ ಪೀವಿ ಇನ್ನೊಂದು ಅವಧಿ ಬೇಡ ಎಂದು ಪ್ರಕಟಿಸಿ, ವರ್ಷದ ಕೊನೆಗೆ ಹೊರನಡೆದರು.

ಸ್ವಲ್ಪ ಯೋಚನೆ ಮಾಡಿ. ಅಷ್ಟು ದೊಡ್ಡ ಕಂಪನಿ. ಬೇಕಾದಷ್ಟು ವಕೀಲರು, ಲಾಬಿ ಮಾಡುವವರು. ಅಂಥವರು ಮಾನ ಪಣಕ್ಕಿಟ್ಟು ತಲೆಕೆಡಿಸಿಕೊಂಡದ್ದು ಜಡ್ಜ್ ಯಾರು ಅನ್ನುವ ಒಂದೇ ಪ್ರಶ್ನೆಗೆ. ಆ ಕುರ್ಚಿಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಕುರ್ಚಿ ಇದೆ ಅಂತಲೇ ಗೊತ್ತಿಲ್ಲ.

ಆ ಕುರ್ಚಿಯಲ್ಲಿ ಕೂರುವವರನ್ನು ಅಡ್ಮಿನಿಸ್ಟ್ರೇಟಿವ್ ಲಾ ಜಡ್ಜ್ ಅನ್ನುತ್ತಾರೆ. ಚಿಕ್ಕದಾಗಿ ಎಎಲ್‌ಜೆ. ನಾವು ಸಿನಿಮಾದಲ್ಲಿ ನೋಡುವ ಕೋರ್ಟಿನ ನ್ಯಾಯಾಧೀಶರಲ್ಲ ಇವರು. ಆಯೋಗದೊಳಗೇ ಕೆಲಸ ಮಾಡುವ ಸರ್ಕಾರಿ ನೌಕರರು. ಗವರ್ನರ್ ನೇಮಿಸುವುದು ಐವರು ಕಮಿಷನರ್‌ಗಳನ್ನು. ಅವರ ಅವಧಿ ಆರು ವರ್ಷ, ಸೆನೆಟ್ ಒಪ್ಪಿಗೆ ಬೇಕು. ಆ ಐವರು ಕೊನೆಯಲ್ಲಿ ಮತ ಹಾಕುತ್ತಾರೆ. ಆದರೆ ಮತಕ್ಕೆ ಬರುವ ಮುಂಚೆ ಅರ್ಜಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಜಾಸ್ತಿ, ಎಎಲ್‌ಜೆ ಮೇಜಿನ ಮೇಲಿರುತ್ತದೆ. ಪ್ರತಿ ಅರ್ಜಿಗೂ ಒಬ್ಬ ಕಮಿಷನರ್ ಉಸ್ತುವಾರಿ ಇರುತ್ತಾರೆ ನಿಜ. ದಿನದಿನದ ಕೆಲಸ ಮಾತ್ರ ಜಡ್ಜ್‌ದೇ.

ಆ ಕೆಲಸ ಹೀಗಿರುತ್ತದೆ. ಕಂಪನಿ ತನಗೆ ಇಷ್ಟು ಹಣ ಬೇಕು ಅಂತ ಸಾವಿರಾರು ಪುಟದ ಲಿಖಿತ ಸಾಕ್ಷ್ಯ ಕೊಡುತ್ತದೆ. ಅದರಲ್ಲಿ ಕಂಬದ ಖರ್ಚಿದೆ, ಮರ ಕಡಿಸುವ ಖರ್ಚಿದೆ, ಕಾಲ್ ಸೆಂಟರ್ ಸಿಬ್ಬಂದಿಯ ಸಂಬಳವಿದೆ. ಇದನ್ನು ಪ್ರಶ್ನಿಸಲು ಆಯೋಗದೊಳಗೇ ಗ್ರಾಹಕರ ಪರವಾಗಿ ಪಬ್ಲಿಕ್ ಅಡ್ವೊಕೇಟ್ಸ್ ಆಫೀಸ್ ಅಂತ ಒಂದು ಕಚೇರಿ ಇದೆ. ಹೊರಗಿನಿಂದ 1973ರಲ್ಲಿ ಶುರುವಾದ ಟರ್ನ್‌ನಂಥ ಗ್ರಾಹಕ ಸಂಘಟನೆಗಳು ಬರುತ್ತವೆ. ಇವರೂ ತಮ್ಮ ಸಾಕ್ಷಿಗಳನ್ನು ತರುತ್ತಾರೆ. ಆಮೇಲೆ ಪಾಟೀಸವಾಲು. ಕಂಪನಿಯ ಎಂಜಿನಿಯರ್ ಪ್ರಮಾಣ ಮಾಡಿ ಕೂರುತ್ತಾರೆ. ಎದುರಿನ ವಕೀಲರು ಒಂದು ಕೋಷ್ಟಕ ತೋರಿಸಿ, ಈ ಸಾಲಿನ ಅಂಕಿ ಆ ಪುಟದ ಅಂಕಿಗೆ ಯಾಕೆ ತಾಳೆಯಾಗುತ್ತಿಲ್ಲ ಅಂತ ಕೇಳುತ್ತಾರೆ. ಉತ್ತರ ಸುತ್ತಿ ಬಳಸಿ ಹೋದರೆ ಜಡ್ಜ್ ನಡುವೆ ಬಾಯಿ ಹಾಕಿ ನೇರ ಪ್ರಶ್ನೆ ಕೇಳಬಹುದು. ಯಾವ ಕಾಗದವನ್ನು ಕಡತಕ್ಕೆ ಸೇರಿಸಬೇಕು, ಯಾವುದು ಬೇಡ ಅನ್ನುವುದನ್ನೂ ಅವರೇ ಹೇಳಬೇಕು. ಒಂದೊಂದಕ್ಕೂ ನಂಬರ್ ಬೀಳುತ್ತದೆ. ಒಂದೊಂದು ಮಾತೂ ಬರಹಕ್ಕಿಳಿಯುತ್ತದೆ. ಇದೆಲ್ಲ ಸೇರಿ ಕಡತವಾಗುತ್ತದೆ. ತೀರ್ಪು ನಿಲ್ಲುವುದು ಈ ಕಡತದ ಮೇಲೆ. ಹೊರಗೆ ಯಾರು ಏನೇ ಕೂಗಿದರೂ, ಕಡತದಲ್ಲಿ ಇಲ್ಲದ್ದನ್ನು ನಂಬಿ ತೀರ್ಪು ಬರೆಯುವ ಹಾಗಿಲ್ಲ.

ಇಷ್ಟಾದ ಮೇಲೆ ಜಡ್ಜ್ ಕರಡು ತೀರ್ಪು ಬರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಈ ಕರಡಿನಲ್ಲಿ. ಅದು ಹೊರಬಂದ ದಿನವೇ ಎಲ್ಲರೂ ಓದಬಹುದು. ಸಾಮಾನ್ಯವಾಗಿ ಕನಿಷ್ಠ 30 ದಿನ ಬಿಟ್ಟೇ ಅದು ಮತಕ್ಕೆ ಬರುತ್ತದೆ. ಆ ನಡುವೆ ಅರ್ಜಿಯ ಪಕ್ಷದವರೆಲ್ಲ 20 ದಿನದೊಳಗೆ ತಪ್ಪು ತೋರಿಸಿ ಬರೆಯಬಹುದು. ಅದಕ್ಕೆ ಪ್ರತ್ಯುತ್ತರ ಕೊಡಲು ಇನ್ನೈದು ದಿನ. ಹಳೇ ವಾದವನ್ನೇ ಮತ್ತೆ ಹೇಳಿದರೆ ಲೆಕ್ಕಕ್ಕಿಲ್ಲ. ಸಂಗತಿ, ಕಾನೂನು ಅಥವಾ ತಾಂತ್ರಿಕ ವಿಷಯದಲ್ಲಿ ಎಲ್ಲಿ ಎಡವಿದ್ದಾರೆ ಅಂತ ಬೊಟ್ಟು ಮಾಡಬೇಕು. ಕರಡು ನೂರಾರು ಪುಟ ಇರುತ್ತದೆ. ಓದುವ ಮನಸ್ಸಿದ್ದರೆ ಕೊನೆಯಿಂದ ಶುರು ಮಾಡಿ. ಸಾಬೀತಾದ ಸಂಗತಿಗಳು, ಕಾನೂನಿನ ನಿರ್ಣಯಗಳು, ಆಮೇಲೆ ಆದೇಶ ಅಂತ ಮೂರು ಭಾಗ ಅಲ್ಲಿ ನಂಬರ್ ಹಾಕಿ ಇರುತ್ತವೆ. ಒಂದೊಂದೂ ಒಂದೆರಡು ವಾಕ್ಯ ಅಷ್ಟೇ. ನಮ್ಮಲ್ಲಿ ದಿನವಿಡೀ ಸಾಫ್ಟ್‌ವೇರ್ ಡಾಕ್ಯುಮೆಂಟ್ ಓದುವವರಿಗೆ ಇದು ಖಂಡಿತ ಕಷ್ಟವಲ್ಲ.

ಕರಡು ಯಾಕೆ ಮುಖ್ಯ ಅನ್ನುವುದಕ್ಕೆ ನಮ್ಮ ಬಿಲ್ಲಿಗೇ ಸೇರಿದ ಉದಾಹರಣೆ ಇದೆ. 2018ರ ನವೆಂಬರ್ 8ರಂದು ಪಿಜಿ ಆ್ಯಂಡ್ ಇ ತಂತಿಯಿಂದ ಹೊತ್ತಿದ, ಕ್ಯಾಂಪ್ ಫೈರ್ ಅಂತ ಕರೆಯುವ ಕಾಡ್ಗಿಚ್ಚು ಪ್ಯಾರಡೈಸ್ ಎಂಬ ಊರನ್ನೇ ಸುಟ್ಟಿತು. 85 ಜನ ಸತ್ತರು. ಕಂಪನಿ ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಮತ್ತೆ ಹೀಗಾಗದಿರಲಿ ಅಂತ ತಂತಿಗಳನ್ನು ನೆಲದಡಿಗೆ ಹಾಕುವ ದೊಡ್ಡ ಯೋಜನೆಯೊಂದನ್ನು ತಂದಿತು. 2023ರಿಂದ 2026ರವರೆಗಿನ ದರದ ಅರ್ಜಿಯಲ್ಲಿ ಇದೇ ದೊಡ್ಡ ಜಗಳ. ಕಂಪನಿ ಸುಮಾರು 2,000 ಮೈಲಿ ತಂತಿಯನ್ನು ನೆಲದಡಿ ಹಾಕುತ್ತೇವೆ ಅಂದಿತು. ಒಂದು ಮೈಲಿಗೆ 30 ಲಕ್ಷ ಡಾಲರ್ ಆಸುಪಾಸು ಖರ್ಚು. ಕಂಬದ ಮೇಲಿನ ತಂತಿಗೇ ರಕ್ಷಣೆಯ ಹೊದಿಕೆ ಹಾಕಿದರೆ ಖರ್ಚು ಎಷ್ಟೋ ಕಮ್ಮಿ, ಕೆಲಸವೂ ಬೇಗ ಮುಗಿಯುತ್ತದೆ ಅಂತ ಗ್ರಾಹಕರ ಕಡೆಯವರು ವಾದಿಸಿದರು.

ಜಡ್ಜ್‌ಗಳ ಕರಡು ಗ್ರಾಹಕರ ಕಡೆಯ ವಾದಕ್ಕೆ ತೂಕ ಕೊಟ್ಟಿತು. 200 ಮೈಲಿ ನೆಲದಡಿ, 1,800 ಮೈಲಿ ಹೊದಿಕೆ ತಂತಿ. ಉಸ್ತುವಾರಿ ಕಮಿಷನರ್ ಅದಕ್ಕೆ ಬದಲಿ ಕರಡು ಮಂಡಿಸಿದರು. ಅದರಲ್ಲಿ 973 ಮೈಲಿ ನೆಲದಡಿ, 1,027 ಮೈಲಿ ಹೊದಿಕೆ. 2023ರ ನವೆಂಬರ್ 16ರಂದು ಕಮಿಷನರ್‌ಗಳು ಮತ ಹಾಕಿ ಒಪ್ಪಿದ್ದು 1,230 ಮೈಲಿ ನೆಲದಡಿ, 778 ಮೈಲಿ ಹೊದಿಕೆ. 2024ರ ಜನವರಿಯಿಂದ ಸಾಮಾನ್ಯ ಮನೆಯ ಗ್ಯಾಸ್ ಮತ್ತು ಕರೆಂಟ್ ಬಿಲ್ ತಿಂಗಳಿಗೆ 30 ಡಾಲರ್‌ಗೂ ಜಾಸ್ತಿ ಏರಿತು. ಏರಿಕೆಗೆ ಕಾರಣ ಇದೊಂದೇ ಅಲ್ಲ, ಆದರೆ ಇದೂ ಹೌದು.

ಆ 200 ಮತ್ತು 1,230ರ ನಡುವೆ ಏನಾಯಿತು? ಕಮಿಷನರ್‌ಗಳು ಕಾರಣ ಕೊಟ್ಟಿದ್ದಾರೆ. ನೆಲದಡಿಯ ತಂತಿ ಬೆಂಕಿಯ ಅಪಾಯವನ್ನು ಹೆಚ್ಚು ಕಾಲ, ಹೆಚ್ಚು ಪೂರ್ತಿಯಾಗಿ ತಪ್ಪಿಸುತ್ತದೆ ಅನ್ನುವ ವಾದದಲ್ಲಿ ಹುರುಳಿದೆ. ಬೆಂಕಿ ಬೀಳುವ ಬೆಟ್ಟದ ಊರುಗಳಲ್ಲಿ ಇರುವವರಿಗೆ ಅದು ಪ್ರಾಣದ ಪ್ರಶ್ನೆ. ನಾನು ಅವರನ್ನು ಮರೆತು ಬರೀ ಡಾಲರ್ ಲೆಕ್ಕ ಹಾಕುವವನಲ್ಲ. ಆದರೆ ಸಾಕ್ಷಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದವರು 200 ಅಂದರು. ಕರಡು ಪ್ರಕಟವಾಗಿದ್ದರಿಂದಲೇ ನಮಗೆ ಆ ವ್ಯತ್ಯಾಸ ಕಾಣಿಸಿತು. ಜಡ್ಜ್ ಇಲ್ಲದಿದ್ದರೆ 1,230 ಅನ್ನುವ ಅಂಕಿ ಒಂದೇ ನಮ್ಮ ಮುಂದೆ ಬರುತ್ತಿತ್ತು. ಅದು ಜಾಸ್ತಿಯೋ ಕಮ್ಮಿಯೋ ಅಂತ ಅಳೆಯಲು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಜಡ್ಜ್ ಕರಡು ಯಾವಾಗಲೂ ನಮ್ಮಂಥವರ ಪರವಾಗಿ ಬರುತ್ತದೆ ಅಂತ ತಿಳಿಯಬೇಡಿ. ಮನೆ ಮೇಲೆ ಸೋಲಾರ್ ಹಾಕಿಸಿದವರಿಗೆ 2021ರ ಡಿಸೆಂಬರ್ ನೆನಪಿರುತ್ತದೆ. ಆಗ ಬಂದ ಕರಡಿನಲ್ಲಿ ಸೋಲಾರ್ ಇರುವ ಮನೆಗೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 8 ಡಾಲರ್ ಶುಲ್ಕ ಹಾಕುವ ಪ್ರಸ್ತಾಪವಿತ್ತು. ಅಂದರೆ 6 ಕಿಲೋವ್ಯಾಟ್ ಇದ್ದವರಿಗೆ 48 ಡಾಲರ್. ರಾಜ್ಯದ ಎಲ್ಲ ಕಡೆಯಿಂದ ವಿರೋಧ ಬಂತು. ಜನ ಬರೆದರು, ಫೋನ್ ಮಾಡಿದರು, ಬೀದಿಗಿಳಿದರು. ಗವರ್ನರ್ ಕೂಡ ಬದಲಾವಣೆ ಆಗಬೇಕು ಅಂದರು. ಕರಡು ಮತಕ್ಕೇ ಬರಲಿಲ್ಲ. ಮತ್ತಷ್ಟು ಅಭಿಪ್ರಾಯ ಕೇಳಿದರು. 2022ರ ನವೆಂಬರ್‌ನಲ್ಲಿ ಹೊಸ ಕರಡು ಬಂದಾಗ ಆ ಶುಲ್ಕ ಇರಲಿಲ್ಲ. ಡಿಸೆಂಬರ್ 15ರಂದು ಅದು ಪಾಸಾಯಿತು. ಗ್ರಿಡ್‌ಗೆ ಕೊಟ್ಟ ಕರೆಂಟಿಗೆ ಸಿಗುವ ಹಣವನ್ನು ಮಾತ್ರ ಅದು ಸುಮಾರು ಮುಕ್ಕಾಲು ಪಾಲು ಇಳಿಸಿತು. ಹಾಗಾಗಿ ಪೂರ್ತಿ ಗೆಲುವು ಅನ್ನುವ ಹಾಗಿಲ್ಲ. ಶುಲ್ಕ ಹೋದದ್ದು ಜನರ ಕೂಗಿಗೋ, ರಾಜಕೀಯದ ಒತ್ತಡಕ್ಕೋ ಅಂತ ಬೇರ್ಪಡಿಸುವುದೂ ಕಷ್ಟ. ಎರಡೂ ಸೇರಿತ್ತು ಅನ್ನುವುದು ನನ್ನ ಅಭಿಪ್ರಾಯ. ಏನೇ ಇರಲಿ, ಕರಡು ಮುಂಚೆಯೇ ಎಲ್ಲರ ಕಣ್ಣಿಗೆ ಬಿತ್ತು, ಅದಕ್ಕೇ ಕೂಗಲು ಸಮಯ ಸಿಕ್ಕಿತು.

ಬೆಂಗಳೂರಿನಲ್ಲಿ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ವಿಚಾರಣೆ ನೋಡಿದವರಿಗೆ ಇಲ್ಲಿಯ ಪದ್ಧತಿ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಲ್ಲಿ ಬೆಸ್ಕಾಂ, ಹೆಸ್ಕಾಂ ದರ ಏರಿಸಲು ಅರ್ಜಿ ಹಾಕಿದಾಗ ಆಯೋಗದ ಅಧ್ಯಕ್ಷರು, ಸದಸ್ಯರೇ ಕೂತು ಕೇಳುತ್ತಾರೆ. ರೈತರು, ಕೈಗಾರಿಕೆಯವರು ಅವರ ಮುಖ ನೋಡಿಯೇ ತಕರಾರು ಹೇಳುತ್ತಾರೆ. ಕೇಳಿದವರೇ ಆದೇಶ ಹೊರಡಿಸುತ್ತಾರೆ. ಅದರಲ್ಲಿ ಒಂದು ನೇರತನ ಇದೆ. ಇಲ್ಲಿ ಕೇಳುವವರು ಒಬ್ಬರು, ಮತ ಹಾಕುವವರು ಇನ್ನೊಬ್ಬರು. ಈ ಅಂತರದ ಬಗ್ಗೆ ಅಮೆರಿಕದಲ್ಲೇ ಹಳೇ ಚರ್ಚೆ ಇದೆ. 1936ರಲ್ಲಿ ಮಾರ್ಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತೀರ್ಮಾನ ಮಾಡುವವರೇ ಕೇಳಿಸಿಕೊಳ್ಳಬೇಕು ಎಂದಿತು. ಅದೂ ದರಕ್ಕೆ ಸಂಬಂಧಿಸಿದ್ದೇ, ಕ್ಯಾನ್ಸಸ್ ಸಿಟಿಯ ದನಗಳ ಮಾರುಕಟ್ಟೆಯ ದರ. ಸಾಕ್ಷ್ಯ ಸಂಗ್ರಹಿಸುವ ಕೆಲಸ ಬೇರೆಯವರಿಗೆ ಬಿಡಬಹುದು, ಆದರೆ ತೀರ್ಮಾನಿಸುವವರು ಆ ಸಾಕ್ಷ್ಯವನ್ನು ತಾವೇ ತೂಗಿ ನೋಡಲೇಬೇಕು ಅನ್ನುವುದು ಅದರ ಅರ್ಥ. ಹಾಗಾಗಿಯೇ ಇಲ್ಲಿ ಕಡತಕ್ಕೂ ಕರಡಿಗೂ ಇಷ್ಟು ಬೆಲೆ. ಕಮಿಷನರ್ ವಿಚಾರಣೆಗೆ ಬಂದಿರಲಿ ಬಿಡಲಿ, ನಾವು ಹೇಳಿದ್ದು ಅವರನ್ನು ತಲುಪಲು ಇರುವ ದಾರಿ ಜಡ್ಜ್ ಕಟ್ಟುವ ಕಡತ.

ಇನ್ನು ನಮ್ಮ ಪಾಲಿಗೆ ಬರುತ್ತೇನೆ.

ದೊಡ್ಡ ದರದ ಅರ್ಜಿ ಬಂದಾಗ ಆಯೋಗ ಸಾರ್ವಜನಿಕರಿಗಾಗಿಯೇ ವಿಚಾರಣೆ ಇಡುತ್ತದೆ. ನಡೆಸುವವರು ಎಎಲ್‌ಜೆ. ಈಗೀಗ ಹೆಚ್ಚಾಗಿ ಫೋನ್, ವೆಬ್‌ಕಾಸ್ಟ್ ಮೂಲಕ ನಡೆಯುತ್ತದೆ. ಅಂದರೆ ಅಡುಗೆಮನೆಯಲ್ಲಿ ನಿಂತುಕೊಂಡೇ ಮಾತಾಡಬಹುದು. ವಕೀಲರು ಬೇಡ, ಫೀಸಿಲ್ಲ. ಒಬ್ಬೊಬ್ಬರಿಗೆ ಒಂದೆರಡು ನಿಮಿಷ. ನಿಮ್ಮ ಸರದಿ ಬಂದಾಗ ಹೆಸರು, ಊರು ಹೇಳಿ ಶುರು ಮಾಡುವುದು. ಜಡ್ಜ್ ವಾದ ಮಾಡುವುದಿಲ್ಲ, ಸಮಾಧಾನವೂ ಹೇಳುವುದಿಲ್ಲ. ಕೇಳಿಸಿಕೊಂಡು, ಧನ್ಯವಾದ ಹೇಳಿ, ಮುಂದಿನವರನ್ನು ಕರೆಯುತ್ತಾರೆ. ಮೊದಲ ಸಲ ಮಾತಾಡುವವರಿಗೆ ಇದು ತಣ್ಣಗಿದೆ ಅನ್ನಿಸಬಹುದು. ಅವರು ಯಾರ ಕಡೆಯೂ ವಾಲುವ ಹಾಗಿಲ್ಲ, ಅದಕ್ಕೇ ಹಾಗೆ. ನಿಮ್ಮ ಮಾತು ಬರಹಕ್ಕಿಳಿಯುತ್ತಿರುತ್ತದೆ.

ಮಾತಾಡಲು ಹಿಂಜರಿಕೆ ಇದ್ದರೆ ಬರೆಯಬಹುದು. ಪ್ರತಿ ಅರ್ಜಿಗೂ ಒಂದು ನಂಬರ್ ಇರುತ್ತದೆ. ಆಯೋಗದ ತಾಣದಲ್ಲಿ ಆ ನಂಬರಿನ ಪುಟ ತೆಗೆದರೆ ಸಾರ್ವಜನಿಕರ ಅಭಿಪ್ರಾಯಕ್ಕೆ ಜಾಗ ಇದೆ. ಸಾರ್ವಜನಿಕರು ಬರೆದ, ವಿಷಯಕ್ಕೆ ಸಂಬಂಧಪಟ್ಟ ಮಾತು ಅಂತಿಮ ತೀರ್ಪಿನಲ್ಲಿ ಕಾಣಬೇಕು ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಭಿಪ್ರಾಯ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯಕ್ಕೆ ಸಮ ಅಲ್ಲ. ನಮ್ಮನ್ನು ಯಾರೂ ಪಾಟೀಸವಾಲು ಮಾಡಿರುವುದಿಲ್ಲವಲ್ಲ. ಆದರೆ ಯಾವ ವಿಷಯವನ್ನು ಇನ್ನಷ್ಟು ಕೆದಕಬೇಕು ಅಂತ ಜಡ್ಜ್‌ಗೆ ಅದರಿಂದ ಗೊತ್ತಾಗುತ್ತದೆ. ಗ್ರಾಹಕರ ಪರ ವಕೀಲರಿಗೂ ಅದು ಸಿಗುತ್ತದೆ.

ಹಾಗಾಗಿ ಹೇಳುವುದನ್ನು ಬಿಡಿಸಿ ಹೇಳಿ. 'ದರ ಜಾಸ್ತಿಯಾಯಿತು, ದಯವಿಟ್ಟು ಇಳಿಸಿ' ಅಂತ ಸಾವಿರ ಜನ ಬರೆದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಟ್ರೇಸಿಯಲ್ಲೋ ಸ್ಯಾನ್ ರಾಮೋನ್‌ನಲ್ಲೋ ಇರುವವರು, ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮ ಸಂಜೆ 4ರಿಂದ 9ರ ದುಬಾರಿ ಹೊತ್ತಿನಲ್ಲಿ ಎಸಿ ಆರಿಸಿ ಕೂರುತ್ತಾರೆ ಅಂತ ಬರೆಯಿರಿ. ಜುಲೈನಲ್ಲಿ ಎಷ್ಟು ಯೂನಿಟ್ ಬಳಸಿದಿರಿ, ಎಷ್ಟು ಕಟ್ಟಿದಿರಿ, ಎರಡು ವರ್ಷದ ಹಿಂದೆ ಅದೇ ಯೂನಿಟ್‌ಗೆ ಎಷ್ಟಿತ್ತು ಅಂತ ಬರೆಯಿರಿ. ಸಂಜೆ ಹೊತ್ತಿನ ದರ ನಿಮ್ಮ ಮನೆಯಲ್ಲಿ ಬಳಕೆಯನ್ನು ನಿಜಕ್ಕೂ ಬದಲಿಸಿತೋ, ಬರೀ ಬಿಲ್ ಏರಿಸಿತೋ ಅಂತ ಹೇಳಿ. ಇಂಥ ವಿವರ ಯಾವ ಕಂಪನಿಯ ಸಾಕ್ಷ್ಯದಲ್ಲೂ ಇರುವುದಿಲ್ಲ. ಇಂಗ್ಲಿಷ್ ಸರಾಗವಾಗಿ ಬಾರದ ಹಿರಿಯರ ಮಾತನ್ನು ಮನೆಯ ಮಕ್ಕಳು ಬರೆದು ಕೊಡಬಹುದು. ದುಭಾಷಿ ಬೇಕಿದ್ದರೆ ಆಯೋಗದ ಪಬ್ಲಿಕ್ ಅಡ್ವೈಸರ್ ಕಚೇರಿಗೆ ಮುಂಚಿತವಾಗಿ ತಿಳಿಸಿ ಕೇಳಿಕೊಳ್ಳಬಹುದು.

ನಿಮ್ಮದೇ ಮನೆಯ ಬಿಲ್ ತಕರಾರಾದರೆ ದಾರಿ ಬೇರೆ. ಮೀಟರ್ ತಪ್ಪು ಓದಿದೆ, ತಪ್ಪು ಪ್ಲ್ಯಾನ್ ಹಾಕಿದ್ದಾರೆ, ಹಳೇ ಬಾಕಿ ಅಂತ ಏನೋ ಸೇರಿಸಿದ್ದಾರೆ ಅನ್ನುವಂಥವು. ಮೊದಲು ಕಂಪನಿ, ಆಮೇಲೆ ಆಯೋಗದ ಗ್ರಾಹಕ ವಿಭಾಗ. ಅಲ್ಲೂ ಬಗೆಹರಿಯದಿದ್ದರೆ ಎಎಲ್‌ಜೆ ಮುಂದೆ ದೂರು ಕೊಡಬಹುದು. ಮೊತ್ತ ಸ್ಮಾಲ್ ಕ್ಲೇಮ್ಸ್ ಕೋರ್ಟಿನ (ಸಣ್ಣ ಮೊತ್ತದ ದಾವೆ ಕೇಳುವ ಕೋರ್ಟು) ಮಿತಿಯೊಳಗಿದ್ದರೆ ಚುರುಕಾದ ಒಂದು ವಿಧಾನ ಇದೆ. ಅದರಲ್ಲಿ ಎರಡೂ ಕಡೆ ವಕೀಲರು ವಾದಿಸುವ ಹಾಗಿಲ್ಲ. ಕಂಪನಿಯ ಪ್ರತಿನಿಧಿ ಒಂದು ಕಡೆ, ನೀವು ಒಂದು ಕಡೆ, ಎದುರಿಗೆ ಜಡ್ಜ್. ದೊಡ್ಡ ಕಂಪನಿಯ ಎದುರು ಸಾಮಾನ್ಯ ಮನೆಯವರು ಸರಿಸಮವಾಗಿ ಕೂರುವ ಇಂಥ ಜಾಗಗಳು ಕಡಿಮೆ. ಇದನ್ನು ಬಳಸಿಕೊಳ್ಳಿ.

ಸಾಂತಾ ಕ್ಲಾರಾ, ಪಾಲೊ ಆಲ್ಟೊ, ಸ್ಯಾಕ್ರಮೆಂಟೊ, ಲಾಸ್ ಏಂಜಲಿಸ್ ನಗರದವರಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ಕರೆಂಟ್ ಊರಿನದೇ ಸಂಸ್ಥೆಯದು. ದರ ತೀರ್ಮಾನವೂ ಅಲ್ಲೇ ಆಗುತ್ತದೆ.

ಆಯೋಗದ ಕಮಿಷನರ್‌ಗಳಿಗೂ ಒಂದು ಕೋರಿಕೆ ಇದೆ. ಯಾರಾದರೂ ಇದನ್ನು ಇಂಗ್ಲಿಷಿಗೆ ಮಾಡಿ ಅವರಿಗೆ ಕಳಿಸಿದರೆ ಸಂತೋಷ. ಜಡ್ಜ್ ಕರಡಿನಿಂದ ದೂರ ಹೋಗುವ ಅಧಿಕಾರ ನಿಮಗಿದೆ, ಅದನ್ನು ಪ್ರಶ್ನಿಸುತ್ತಿಲ್ಲ. ಬದಲಿ ಕರಡು ಬಂದಾಗ ವ್ಯತ್ಯಾಸ ಏನು ಅಂತ ಟಿಪ್ಪಣಿಯನ್ನೂ ಕೊಡುತ್ತೀರಿ. ಅದರ ಜೊತೆಗೆ, ಕರಡಿನಲ್ಲಿ ಸಾಬೀತಾಗಿದೆ ಎಂದ ಯಾವ ಸಂಗತಿಯನ್ನು ನೀವು ಒಪ್ಪಲಿಲ್ಲ, ಕಡತದ ಯಾವ ಸಾಕ್ಷ್ಯದ ಮೇಲೆ ಒಪ್ಪಲಿಲ್ಲ, ಆ ಬದಲಾವಣೆಯಿಂದ ಒಂದು ಮನೆಯ ಬಿಲ್ಲಿಗೆ ಎಷ್ಟು ಸೇರುತ್ತದೆ ಅಂತ ಎರಡು ಪುಟದಲ್ಲಿ, ಸಾಮಾನ್ಯರಿಗೆ ಅರ್ಥವಾಗುವ ಮಾತಿನಲ್ಲಿ ಮತಕ್ಕೆ ಮುಂಚೆಯೇ ಹೇಳಿ. ಅರ್ಜಿ ಯಾವ ಜಡ್ಜ್‌ಗೆ ಹೋಯಿತು, ಯಾಕೆ ಬದಲಾಯಿತು ಅನ್ನುವುದರಲ್ಲಿ 2014ರಂಥ ಅನುಮಾನಕ್ಕೆ ಮತ್ತೆ ಎಡೆ ಕೊಡಬೇಡಿ.

ಪಿಜಿ ಆ್ಯಂಡ್ ಇ 2025ರ ಮೇ ತಿಂಗಳಲ್ಲಿ 2027ರಿಂದ 2030ರವರೆಗಿನ ದರಕ್ಕೆ ಅರ್ಜಿ ಹಾಕಿದೆ. ಅದಕ್ಕೂ ಜಡ್ಜ್ ಇರುತ್ತಾರೆ, ಕಡತ ಇರುತ್ತದೆ, ಕರಡು ಬರುತ್ತದೆ. ನಮ್ಮ ಕನ್ನಡ ಕೂಟಗಳಲ್ಲಿ ಯುಗಾದಿ, ರಾಜ್ಯೋತ್ಸವಕ್ಕೆ ಅಷ್ಟೆಲ್ಲ ಚೆನ್ನಾಗಿ ತಯಾರಿ ಮಾಡುತ್ತೇವೆ ಅಲ್ವಾ? ಅದೇ ಹುರುಪಿನಲ್ಲಿ ಒಂದು ಶನಿವಾರ ನಾಲ್ಕಾರು ಜನ ಲೈಬ್ರರಿಯಲ್ಲಿ ಸೇರೋಣ. ವಿಚಾರಣೆಯ ದಿನಾಂಕಗಳನ್ನು ಗುಂಪಿನಲ್ಲಿ ಹಾಕೋಣ. ಬರೆಯಲು ಬಾರದವರಿಗೆ ಬರೆದು ಕೊಡೋಣ. ಬರುವಾಗ ನಿಮ್ಮ ಕಳೆದ 24 ತಿಂಗಳ ಬಿಲ್ ತನ್ನಿ.

ಇಂತಿ,
ಫ್ರೀಮಾಂಟ್‌ನಲ್ಲಿ ಬಿಲ್ ಕಟ್ಟುವ ಒಬ್ಬ ಕನ್ನಡಿಗ